ದಾಳಿಂಬೆ ಬೆಳೆಗಾರರ ಗಮನಕ್ಕೆ: ಇನ್ನು ಅಂಗಡಿಯಲ್ಲಿ ಸ್ಟ್ರೆಪ್ಟೊಸೈಕ್ಲಿನ್ ಇರುವುದಿಲ್ಲ

ಪ್ರಿಯ ಸದಸ್ಯರೇ, ಗ್ರಾಹಕರೇ,

ಈ ಹಸ್ತ ಬಹಾರದಿಂದ (ಮಳೆಗಾಲ ಮುಗಿಯುವಾಗ ಹೂ ಬಿಡುವ ಬೆಳೆ) ನಮ್ಮ ಸಂಘದ ಅಂಗಡಿಯಲ್ಲಿ ದಾಳಿಂಬೆಯ ಬ್ಲೈಟ್ ರೋಗಕ್ಕೆ ಹೊಡೆಯುವ ಸ್ಟ್ರೆಪ್ಟೊಸೈಕ್ಲಿನ್ ಮಾರುವುದಿಲ್ಲ. 6 ಗ್ರಾಮಿನ ಆ ಚಿಕ್ಕ ಪೊಟ್ಟಣ ಇದ್ದ ಕಡೆ ಇನ್ನು ಸೂಡೊಮೊನಾಸ್ ಮತ್ತು ಬ್ಯಾಸಿಲಸ್ ಪುಡಿ ಸಿಗುತ್ತದೆ. ಎರಡರಲ್ಲೂ ಇರುವುದು ಜೀವಂತ ಬ್ಯಾಕ್ಟೀರಿಯಾ.

ಸುದ್ದಿ ಕೇಳಿದವರೆಲ್ಲ ಮೊದಲು ಕೇಳುವುದು, "ಇದು ಅದರಷ್ಟೇ ಕೆಲಸ ಮಾಡುತ್ತಾ?" ಅಂತ. ಕಾಯಿ ಮೇಲೆ ಚುಕ್ಕೆ ಕಂಡ ಮೇಲೆ ಓಡಿ ಬಂದು ಒಯ್ದು ಹೊಡೆದರೆ ಮಾಡುವುದಿಲ್ಲ. ಮುಂಚೆಯೇ ಮಣ್ಣಿಗೆ ಸೇರಿಸಿದ್ದರೆ ಮಾತ್ರ ಇದರಿಂದ ಉಪಯೋಗ. ಹಾಗಾಗಿ ಬದಲಾಗುವುದು ಬರೀ ಪೊಟ್ಟಣವಲ್ಲ, ನಿಮ್ಮ ಕೆಲಸದ ವೇಳಾಪಟ್ಟಿಯೂ ಸ್ವಲ್ಪ ಬದಲಾಗಬೇಕು.

ಮೊದಲು, ಹಳೆಯದನ್ನು ಯಾಕೆ ಬಿಟ್ಟೆವು ಅಂತ ಹೇಳಿಬಿಡುತ್ತೇವೆ. ಆ ಪೊಟ್ಟಣದಲ್ಲಿ ಇರುವುದು ಸ್ಟ್ರೆಪ್ಟೊಮೈಸಿನ್, ಜೊತೆಗೆ ಸ್ವಲ್ಪ ಟೆಟ್ರಾಸೈಕ್ಲಿನ್. ಎರಡೂ ಮನುಷ್ಯರಿಗೆ ಕೊಡುವ ಆಂಟಿಬಯಾಟಿಕ್‌ಗಳು, ಅಂದರೆ ಬ್ಯಾಕ್ಟೀರಿಯಾವನ್ನು ಹತ್ತಿಕ್ಕುವ ಔಷಧಿಗಳು. ಸ್ಟ್ರೆಪ್ಟೊಮೈಸಿನ್ ಸಿಕ್ಕಿದ್ದು 1943ರಲ್ಲಿ, ಅಮೆರಿಕದ ರಟ್ಗರ್ಸ್ ವಿಶ್ವವಿದ್ಯಾಲಯದಲ್ಲಿ. ಗೊಬ್ಬರ ತಿಂದ ಹೊಲದ ಮಣ್ಣಿನಲ್ಲಿದ್ದ ಬ್ಯಾಕ್ಟೀರಿಯಾದಿಂದ ಆಲ್ಬರ್ಟ್ ಶಾಟ್ಸ್ ಎಂಬ ವಿದ್ಯಾರ್ಥಿ ಅದನ್ನು ತೆಗೆದ. ಕ್ಷಯಕ್ಕೆ ಸಿಕ್ಕ ಮೊದಲ ಒಳ್ಳೆಯ ಔಷಧಿ ಅದು. 1952ರ ನೊಬೆಲ್ ಮಾತ್ರ ಅವನ ಗುರು ಸೆಲ್ಮನ್ ವಾಕ್ಸ್‌ಮನ್‌ಗೆ ಹೋಯಿತು, ಅದು ಬೇರೆ ಕಥೆ. ಬೇರೆ ಮದ್ದಿಗೆ ಬಗ್ಗದ ಕ್ಷಯಕ್ಕೆ ಇವತ್ತಿಗೂ ಕೆಲವರಿಗೆ ಈ ಇಂಜೆಕ್ಷನ್ ಬೇಕಾಗುತ್ತದೆ.

ಅಂಥದ್ದನ್ನು ಎಕರೆಗಟ್ಟಲೆ ಸಿಂಪಡಿಸಿದರೆ ತೋಟದ ಬ್ಯಾಕ್ಟೀರಿಯಾಗಳು ಅದಕ್ಕೆ ಒಗ್ಗಿಕೊಳ್ಳುತ್ತವೆ. ಕ್ಯಾಲಿಫೋರ್ನಿಯಾದ ಪೇರ್ ಹಣ್ಣಿನ ತೋಟಗಳಲ್ಲಿ 1971ರಲ್ಲೇ ಸ್ಟ್ರೆಪ್ಟೊಮೈಸಿನ್‌ಗೆ ಜಗ್ಗದ ರೋಗಾಣು ಸಿಕ್ಕಿತ್ತು. ಬ್ಯಾಕ್ಟೀರಿಯಾಗಳು ಇಂಥ ಶಕ್ತಿಯ ಜೀನ್‌ಗಳನ್ನು ಒಂದರಿಂದ ಒಂದಕ್ಕೆ ದಾಟಿಸುತ್ತವೆ, ಜಾತಿ ಬೇರೆಯಾದರೂ ದಾಟಿಸುತ್ತವೆ. ತೋಟದಲ್ಲಿ ಶುರುವಾದದ್ದು ತೋಟದಲ್ಲೇ ನಿಲ್ಲುತ್ತದೆ ಅಂತ ಯಾರೂ ಹೇಳುವಂತಿಲ್ಲ. 2021ರ ಡಿಸೆಂಬರ್‌ನಲ್ಲಿ ಕೇಂದ್ರ ಕೃಷಿ ಸಚಿವಾಲಯ ಸ್ಟ್ರೆಪ್ಟೊಮೈಸಿನ್, ಟೆಟ್ರಾಸೈಕ್ಲಿನ್ ಎರಡನ್ನೂ ಬೆಳೆಗೆ ಬಳಸದಂತೆ ಕರಡು ಆದೇಶ ಹೊರಡಿಸಿತು. 2024ರ ಜನವರಿ 1ರಿಂದ ಬಳಕೆ ಪೂರ್ತಿ ನಿಲ್ಲಬೇಕು ಎಂದು ಅದರಲ್ಲಿತ್ತು.

ಇಲ್ಲಿ ಒಂದು ಪ್ರಶ್ನೆ ಬಂದೇ ಬರುತ್ತದೆ. ಹೊಸ ಪುಡಿಯ ಬ್ಯಾಕ್ಟೀರಿಯಾ ಕೂಡ ಆಂಟಿಬಯಾಟಿಕ್ಕನ್ನೇ ಮಾಡುತ್ತದೆ ಅಲ್ವಾ? ಹೌದು, ಮಾಡುತ್ತದೆ. ಸೂಡೊಮೊನಾಸ್ ಫ್ಲೋರೆಸೆನ್ಸ್‌ನ ತಳಿಗಳು ಫಿನಜಿನ್, ಪೈರೋಲ್‌ನೈಟ್ರಿನ್‌ನಂಥವನ್ನು ತಯಾರಿಸುತ್ತವೆ. ಬ್ಯಾಸಿಲಸ್ ಸಬ್ಟಿಲಿಸ್ ಇಟ್ಯೂರಿನ್, ಸರ್ಫ್ಯಾಕ್ಟಿನ್ ಎಂಬ ಸಾಬೂನಿನಂಥ ವಸ್ತುಗಳನ್ನು ಬಿಡುತ್ತದೆ. ಅವು ಶತ್ರುವಿನ ಜೀವಕೋಶದ ಪೊರೆಯನ್ನೇ ತೂತು ಮಾಡುತ್ತವೆ. ಆದರೆ ಇವು ತಯಾರಾಗುವುದು ಬೇರಿನ ಸುತ್ತ, ತೀರಾ ಕಡಿಮೆ ಪ್ರಮಾಣದಲ್ಲಿ. ಒಂದೇ ವಸ್ತುವನ್ನು ಶುದ್ಧ ಮಾಡಿ ಇಡೀ ತೋಟಕ್ಕೆ ಎರಚಿದಂತೆ ಅಲ್ಲ. ಆಸ್ಪತ್ರೆಯಲ್ಲಿ ರೋಗಿಗೆ ಕೊಡುವ ಔಷಧಿಗಳೂ ಇವಲ್ಲ.

ಇನ್ನೊಂದು ವಿಷಯ. ದಾಳಿಂಬೆ ಬ್ಲೈಟ್ ತರುವ ಜಾಂತೊಮೊನಾಸ್ ಎಂಬ ಬ್ಯಾಕ್ಟೀರಿಯಾ ಇರುವುದು ಎಲೆ, ಕಾಯಿ, ಕೊಂಬೆಯಲ್ಲಿ. ಬೇರಿನ ಹತ್ತಿರ ಇರುವ ಬ್ಯಾಕ್ಟೀರಿಯಾ ಅಲ್ಲಿಗೆ ಹೋಗಿ ಹೊಡೆದಾಡುವುದಿಲ್ಲ. ಅದು ಬೇರಿನಲ್ಲಿ ನೆಲೆಯಾದರೆ ಗಿಡ ತನ್ನ ರಕ್ಷಣೆಯನ್ನು ಮೊದಲೇ ಚುರುಕು ಮಾಡಿಕೊಳ್ಳುತ್ತದೆ, ಎಲೆಯವರೆಗೂ. ನಮಗೆ ಬೇಕಾದ ಲಾಭ ಹೆಚ್ಚಾಗಿ ಇದೇ. ಅದಕ್ಕೆ ಸಮಯ ಬೇಕು. ತಡವಾಗಿ ಹಾಕಿದರೆ ಸುಮ್ನೆ ದುಡ್ಡು ಖರ್ಚು.

ಬಳಸುವಾಗ ಇಷ್ಟು ನೋಡಿಕೊಳ್ಳಿ. ತೋಟಕ್ಕೆ ವಿಶ್ರಾಂತಿ ಕೊಟ್ಟಿರುವಾಗಲೇ ಪುಡಿಯನ್ನು ಚೆನ್ನಾಗಿ ಕಳಿತ ಕೊಟ್ಟಿಗೆ ಗೊಬ್ಬರದಲ್ಲಿ ಕಲಸಿ, ತೇವ ಮಾಡಿ, ನೆರಳಲ್ಲಿ ಮುಚ್ಚಿಡಿ. ಹತ್ತು ಹದಿನೈದು ದಿನ ಬಿಟ್ಟು ಬುಡಕ್ಕೆ ಕೊಡಿ. ಒಣ ಮಣ್ಣಿಗೆ ಹಾಕಬೇಡಿ, ಡ್ರಿಪ್ ಬಿಟ್ಟ ಮೇಲೆ ಹಾಕಿ. ಎಲೆಗೆ ಸಿಂಪಡಿಸುವುದಾದರೆ ಬಿಸಿಲು ಇಳಿದ ಮೇಲೆ. ಬೋರ್ಡೋ ದ್ರಾವಣ (ಮೈಲುತುತ್ತ, ಸುಣ್ಣದ ನೀರು), ಬ್ಲೀಚಿಂಗ್ ಪುಡಿ, ತಾಮ್ರದ ಯಾವ ಔಷಧಿಯ ಜೊತೆಗೂ ಬೆರೆಸಬೇಡಿ. ಕನಿಷ್ಠ ಒಂದು ವಾರ ಅಂತರ ಇರಲಿ. ಹಳೆಯ ಅಭ್ಯಾಸದಲ್ಲಿ ಎಲ್ಲವನ್ನೂ ಒಂದೇ ಡ್ರಮ್ಮಿಗೆ ಸುರಿಯುವವರು ನಮ್ಮಲ್ಲಿ ಜಾಸ್ತಿ. ಹಾಗೆ ಮಾಡಿದರೆ ದುಡ್ಡು ಕೊಟ್ಟು ತಂದ ಬ್ಯಾಕ್ಟೀರಿಯಾವನ್ನು ನೀವೇ ಕೊಂದಂತೆ.

ಬೋರ್ಡೋ ಬಿಡಿ ಅಂತ ನಾವು ಹೇಳುತ್ತಿಲ್ಲ. ಚಾಟನಿ (ಕೊಂಬೆ ಸವರುವುದು) ಆದ ಮೇಲೆ ಶೇಕಡಾ 1ರ ಬೋರ್ಡೋ ಹೊಡೆಯುವುದು, ಉದುರಿದ ಎಲೆ, ರೋಗದ ಕಾಯಿ ಆರಿಸಿ ಸುಡುವುದು, ಗಿಡದಿಂದ ಗಿಡಕ್ಕೆ ಹೋಗುವಾಗ ಕತ್ತರಿಯನ್ನು ಹೈಪೋಕ್ಲೋರೈಟ್ ನೀರಿನಲ್ಲಿ ಅದ್ದುವುದು ಮೊದಲಿನ ಹಾಗೇ ನಡೆಯಲಿ. ನಮ್ಮ ಅಭಿಪ್ರಾಯದಲ್ಲಿ ಯಾವ ಪುಡಿಗಿಂತಲೂ ಈ ಕೆಲಸಗಳೇ ದೊಡ್ಡವು. ಮಳೆಗಾಲದಲ್ಲಿ ಹೂ ಬಿಡುವ ಮೃಗ ಬಹಾರಕ್ಕೆ ಬ್ಲೈಟ್ ಕಾಟ ಹೆಚ್ಚು ಎನ್ನುವುದು ಕುಷ್ಟಗಿ, ಯಲಬುರ್ಗಾ ಕಡೆಯ ಬೆಳೆಗಾರರಿಗೆ ನಾವು ಹೇಳಿಕೊಡಬೇಕಾಗಿಲ್ಲ.

ಗಂಗಾವತಿ, ಕಾರಟಗಿ ಭಾಗದ ಭತ್ತದ ಸದಸ್ಯರಿಗೆ ಒಂದು ಮಾತು. ಭತ್ತದ ರೋಗಕ್ಕೆ ಹೊಡೆಯುವ ವ್ಯಾಲಿಡಮೈಸಿನ್, ಕಸುಗಮೈಸಿನ್ ಮೊದಲಿನಂತೆ ಸಿಗುತ್ತವೆ. ಇವೂ ಮಣ್ಣಿನ ಬ್ಯಾಕ್ಟೀರಿಯಾದಿಂದ ಬಂದವೇ. ಕಸುಗಮೈಸಿನ್ ಅಂತೂ ಜಪಾನಿನ ನಾರಾ ನಗರದ ಕಸುಗಾ ದೇಗುಲದ ಮಣ್ಣಿನಿಂದ ಬಂದದ್ದು, ಹೆಸರೂ ಅಲ್ಲಿಂದಲೇ. ಆಸ್ಪತ್ರೆಗಳಲ್ಲಿ ಇವನ್ನು ಔಷಧಿಯಾಗಿ ಕೊಡುವುದಿಲ್ಲ, ಅದಕ್ಕೇ ಇಟ್ಟುಕೊಂಡಿದ್ದೇವೆ. ಹಾಗಂತ ಬೆಂಕಿ ರೋಗ ಇಲ್ಲದಿದ್ದರೂ ಕಸುಗಮೈಸಿನ್ ಹೊಡೆಯುತ್ತಾ ಹೋಗಬೇಡಿ. ಇದಕ್ಕೂ ರೋಗಾಣು ಒಗ್ಗಿಕೊಳ್ಳುತ್ತದೆ.

ಇನ್ನು ಖರೀದಿ ವಿಷಯ. ಬ್ಯಾಸಿಲಸ್ ಗಟ್ಟಿ ಬೀಜಾಣು ಕಟ್ಟಿಕೊಂಡು ಬಿಸಿಯನ್ನು ತಡೆಯುತ್ತದೆ, ಅದು ಯಾವಾಗಲೂ ಅಂಗಡಿಯಲ್ಲಿರುತ್ತದೆ. ಸೂಡೊಮೊನಾಸ್‌ಗೆ ಆ ಶಕ್ತಿ ಇಲ್ಲ. ನಮ್ಮ ಬೇಸಿಗೆಯಲ್ಲಿ ಗೋದಾಮಿನಲ್ಲಿಟ್ಟರೆ ಬೇಗ ಸಾಯುತ್ತದೆ. ಹಾಗಾಗಿ ಬೇಡಿಕೆ ಇದ್ದಷ್ಟೇ ತರಿಸುತ್ತೇವೆ. ಬೇಕಾದವರು ಚಾಟನಿಗೆ ಒಂದು ತಿಂಗಳು ಮೊದಲೇ ಬಂದು ಹೆಸರು, ಎಕರೆ ಬರೆಸಿ. ಪೊಟ್ಟಣದ ಮೇಲೆ ತಯಾರಾದ ದಿನಾಂಕ, ಅವಧಿ ಮುಗಿಯುವ ದಿನಾಂಕ ನೋಡಿಯೇ ತೆಗೆದುಕೊಳ್ಳಿ. ಅವಧಿ ಮೀರಿದ್ದು ನಮ್ಮಿಂದಲೇ ಬಂದಿದ್ದರೆ ರಸೀದಿ ತೋರಿಸಿ, ಬದಲಿಸಿ ಕೊಡುತ್ತೇವೆ. ಮನೆಗೆ ಒಯ್ಯುವಾಗ ಬೈಕಿನ ಡಿಕ್ಕಿಯಲ್ಲಿ ಬಿಸಿಲಿಗೆ ಬಿಟ್ಟು ಸಂತೆಗೆ ಹೋಗಬೇಡಿ.

ಇಂತಿ,
ಆಡಳಿತ ಮಂಡಳಿಯ ಪರವಾಗಿ,
ಕಾರ್ಯದರ್ಶಿ