ತುಂಗೆಯ ಮುಳುಗು ನೇತ್ರಾಣಿಗೆ ಆಗದು

ತೀರ್ಥಹಳ್ಳಿ

ಚಿ. ಪುಟ್ಟನಿಗೆ ಅತ್ತೆಯ ಆಶೀರ್ವಾದಗಳು.

ಇಲ್ಲಿ ಎಲ್ಲರೂ ಕ್ಷೇಮ. ನೀನು ಸ್ನೇಹಿತರ ಜೊತೆ ಮುರುಡೇಶ್ವರದಾಚೆಯ ನೇತ್ರಾಣಿ ದ್ವೀಪಕ್ಕೆ ಸ್ಕೂಬಾ ಡೈವಿಂಗ್ ಮಾಡಲು ಹೊರಟಿದ್ದೀಯೆಂದು ನಿನ್ನ ಅಪ್ಪ ಫೋನಿನಲ್ಲಿ ಹೇಳಿದ. "ತುಂಗೆಯಲ್ಲಿ ಈಜಿ ಬೆಳೆದವನು, ಅವನಿಗೇನು ಭಯ" ಎಂದೂ ಸೇರಿಸಿದ. ನನಗೆ ಭಯವಾದದ್ದು ಆ ಮಾತಿಗೇ.

ಮಡುವಿನಲ್ಲಿ ಮೂಗು ಹಿಡಿದು ಮುಳುಗಿ, ದಡದಲ್ಲಿ ಕೂತವರಿಂದ ಎಣಿಸಿಕೊಂಡು, ಎಪ್ಪತ್ತಕ್ಕೋ ಎಂಬತ್ತಕ್ಕೋ ಮೇಲೆದ್ದು ಬೀಗುತ್ತಿದ್ದೆಯಲ್ಲ, ಆ ವಿದ್ಯೆಯನ್ನು ಮುರುಡೇಶ್ವರದಲ್ಲೇ ಬಿಟ್ಟು ದೋಣಿ ಹತ್ತು. ಸಿಲಿಂಡರಿನ ಗಾಳಿ ಉಸಿರಾಡುವವರು ಉಸಿರು ಕಟ್ಟಲೇಬಾರದು. ಹತ್ತು ಮೀಟರ್ ಆಳದಲ್ಲಿ ಒತ್ತಡ ಮೇಲಿನದರ ಎರಡರಷ್ಟಿರುತ್ತದೆ. ಅಲ್ಲಿ ಎಳೆದ ಉಸಿರನ್ನು ಹಿಡಿದುಕೊಂಡೇ ಮೇಲೆ ಬಂದರೆ ಅದೇ ಗಾಳಿಗೆ ಎರಡು ಪಟ್ಟು ಜಾಗ ಬೇಕಾಗುತ್ತದೆ, ಶ್ವಾಸಕೋಶ ಹರಿಯುತ್ತದೆ. ಹೊಳೆಯಲ್ಲಿ ಆ ಅಪಾಯವಿಲ್ಲ. ಮೇಲೆ ಎಳೆದುಕೊಂಡ ಉಸಿರು ಕೆಳಗೆ ಕುಗ್ಗಿ, ಮೇಲೆ ಬಂದಾಗ ಮೊದಲಿನಷ್ಟೇ ಆಗುತ್ತದೆ. ಗಾಬರಿಯಾದರೂ ಉಸಿರಾಡುತ್ತಲೇ ಇರು, ದಡಬಡಿಸಿ ಮೇಲೆ ನುಗ್ಗಬೇಡ.

ನಾಲ್ಕು ವರ್ಷದ ಹಿಂದೆ ನಾನು ಹೋದಾಗ ಸಣ್ಣ ನೆಗಡಿಯಿತ್ತು. ದುಡ್ಡು ಕಟ್ಟಿಯಾಗಿತ್ತಲ್ಲ, ಬಾಯಿ ಬಿಡಲಿಲ್ಲ. ಮೂರು ಮೀಟರ್ ಇಳಿಯುವಷ್ಟರಲ್ಲಿ ಎಡಗಿವಿಯಲ್ಲಿ ದಬ್ಬಳ ಚುಚ್ಚಿದಂತಾಯಿತು. ಮೂಗು ಹಿಡಿದು ಮೆಲ್ಲಗೆ ಊದಿದರೆ ಕಿವಿ ಬಿಡಬೇಕು. ಕಟ್ಟಿದ ಮೂಗಿಗೆ ಅದೆಲ್ಲಿ ಸಾಧ್ಯ? ಆ ಗಡಿಬಿಡಿಯಲ್ಲೂ ಗತ್ತು ಬಿಡದೆ, ಚೆನ್ನಾಗಿದ್ದೇನೆಂದು ತೋರಿಸಲು ಹೆಬ್ಬೆರಳೆತ್ತಿದೆ. ನೀರಿನೊಳಗೆ ಹೆಬ್ಬೆರಳೆತ್ತಿದರೆ "ಮೇಲಕ್ಕೆ ಹೋಗೋಣ" ಎಂದರ್ಥ. ತರಬೇತಿ ಕೊಡುವ ಹುಡುಗ ಮರುಮಾತಿಲ್ಲದೆ ನನ್ನನ್ನು ಮೇಲೆ ತಂದ. ನನ್ನ ಕಿವಿ ಉಳಿದದ್ದು ಆ ಪೆದ್ದುತನದಿಂದ. ಸರಿಯಿದ್ದೇನೆ ಎನ್ನಲು ಹೆಬ್ಬೆರಳು ತೋರುಬೆರಳು ಸೇರಿಸಿ ಉಂಗುರ ಮಾಡಬೇಕು. ನೀನು ಪ್ರತಿ ಅರ್ಧ ಮೀಟರಿಗೊಮ್ಮೆ, ನೋವು ಶುರುವಾಗುವ ಮೊದಲೇ ಕಿವಿ ಬಿಡಿಸಿಕೋ. ಚಿಕ್ಕಂದಿನಲ್ಲಿ ನಿನಗೆ ಉಬ್ಬಸವಿತ್ತು. ಆರೋಗ್ಯದ ಅರ್ಜಿಯಲ್ಲಿ ಅದನ್ನು ಮುಚ್ಚಿಡದೆ ಬರೆ, ಹೊರಡುವ ಮೊದಲು ವೈದ್ಯರನ್ನು ಕಾಣು. ಅವರು ಬೇಡವೆಂದರೆ ದೋಣಿಯಲ್ಲೇ ಕೂತು ದ್ವೀಪ ನೋಡು.

ಡಿಸೆಂಬರ್ ಆರಿಸಿಕೊಂಡದ್ದು ಒಳ್ಳೆಯದಾಯಿತು. ಮಳೆಗಾಲದಲ್ಲಿ ಆ ಕಡಲಿಗೆ ಯಾರೂ ಇಳಿಸುವುದಿಲ್ಲ. ಅಲೆಯೂ ಜೋರು, ನಮ್ಮ ಘಟ್ಟದ ಮಳೆ ಹೊಳೆಗಳಲ್ಲಿ ಹೊತ್ತೊಯ್ದ ಕೆಂಪು ಮಣ್ಣೂ ಕರಾವಳಿಯ ನೀರಿನಲ್ಲೇ. ಬೆಳಗಿನ ದೋಣಿಯನ್ನೇ ಹಿಡಿ, ಮಧ್ಯಾಹ್ನದ ಮೇಲೆ ಗಾಳಿ ಏಳುತ್ತದೆ. ದ್ವೀಪ ಸುಮಾರು 19 ಕಿಲೋಮೀಟರ್ ದೂರ. ಆಗುಂಬೆ ಘಾಟಿಯ ತಿರುವುಗಳಲ್ಲಿ ಬಸ್ಸಿನ ಕಿಟಕಿ ಬಿಡದವನು ನೀನು, ಬರಿಹೊಟ್ಟೆಯಲ್ಲೂ ಹೋಗಬೇಡ, ಬನ್ಸ್ ಬಾರಿಸಿಕೊಂಡೂ ಹೋಗಬೇಡ.

ನಾನು ಎರಡನೆಯ ಸಲ ಪ್ರಯತ್ನಿಸಿದಾಗ ಕಿವಿ ಬಿಟ್ಟಿತೆನ್ನು. ಕೆಳಗಿಳಿದಾಗ ಮೊದಲು ಕಣ್ಣಿಗೆ ಬಿದ್ದದ್ದು ಮೀನಲ್ಲ, ನನ್ನದೇ ಮುಂಗೈ. ದೇವಸ್ಥಾನದ ಕೆಂಪು ದಾರ ಬೂದಿ ಬಣ್ಣಕ್ಕೆ ತಿರುಗಿತ್ತು! ನೀರು ಮೊದಲು ನುಂಗುವುದು ಕೆಂಪನ್ನೇ ಎಂದು ಆಮೇಲೆ ತಿಳಿಯಿತು. ಹವಳವನ್ನು ಮುಟ್ಟಬೇಡ, ಅದು ಜೀವ. ನೀನು ಕಾಲಿಗೆ ತೊಟ್ಟ ಈಜುರೆಕ್ಕೆ ತಗುಲಿದರೂ ಮುರಿಯುತ್ತದೆ. ಕಲ್ಲೆಂದುಕೊಂಡು ಕೈಯೂರಿದ್ದು ಚೇಳುಮೀನಾದರೆ ಅದರ ಮುಳ್ಳಿನ ವಿಷ ನಿನಗೆ ಪಾಠ ಹೇಳುತ್ತದೆ.

ಇನ್ನೊಂದು ಮಾತು, ಇದು ನಮ್ಮ ಘಟ್ಟದವರಿಗೇ. ಆಳದ ಒತ್ತಡದಲ್ಲಿ ನೈಟ್ರೋಜನ್ ರಕ್ತದಲ್ಲಿ ಕರಗುತ್ತದೆ, ಅದು ನಿಧಾನವಾಗಿ ಹೊರಹೋಗಬೇಕು. ಅವಸರದಲ್ಲಿ ಎತ್ತರಕ್ಕೇರಿದರೆ ಸೋಡಾ ಬಾಟಲಿ ತೆರೆದಂತೆ ಗುಳ್ಳೆ ಏಳಬಹುದು. ಆದ್ದರಿಂದಲೇ ಒಂದು ಡೈವ್ ಮಾಡಿದವರು ಕನಿಷ್ಠ 12 ಗಂಟೆ, ಹೆಚ್ಚು ಮಾಡಿದವರು 18 ಗಂಟೆ ವಿಮಾನ ಹತ್ತಬಾರದು ಎನ್ನುತ್ತಾರೆ. ನಿನ್ನದು ವಿಮಾನವಲ್ಲ, ಸರಿ. ಆದರೆ ಇಲ್ಲಿಗೆ ಬರಲು ಬಾಳೆಬರೆ ಘಾಟಿ ಹತ್ತಿದರೆ ಸುಮಾರು 600 ಮೀಟರ್ ಎತ್ತರ. ಒಂದು ರಾತ್ರಿ ಮುರುಡೇಶ್ವರದಲ್ಲೇ ಮಲಗು.

ಭಾನುವಾರ ಸಂಜೆಯ ಬಸ್ಸಿಗೆ ಟಿಕೆಟ್ ಮಾಡಿಸಿದ್ದೀಯಂತೆ, ಸೋಮವಾರ ಮಧ್ಯಾಹ್ನಕ್ಕೆ ಬದಲಿಸು. ಕೊಟ್ಟೆ ಕಡುಬನ್ನು ನಾನು ಸೋಮವಾರ ರಾತ್ರಿಗೇ ಬೇಯಿಸುವುದು.

ಇಂತಿ,
ನಿನ್ನ ಅತ್ತೆ