ಫಿಲ್ಮ್ ಸಿಟಿ ಆಮೇಲೆ ಕಟ್ಟಿ, ಮೊದಲು ನಮಗೊಂದು ಫ್ಲೋರ್ ಕೊಡಿ: ಮುಖ್ಯಮಂತ್ರಿಗಳಿಗೆ ಬಹಿರಂಗ ಪತ್ರ

ಮಾನ್ಯ ಮುಖ್ಯಮಂತ್ರಿಗಳೇ,

ನಮಸ್ಕಾರ. ನಾನು ಸಿನಿಮಾದಲ್ಲಿ ಗ್ರೂಪ್ ಡ್ಯಾನ್ಸರ್. ಹಾಡಿನಲ್ಲಿ ಹೀರೋ ಹಿಂದೆ ಮೂರನೇ ಸಾಲಿನಲ್ಲಿ ಕುಣಿಯುವವಳು. ನನ್ನ ಮುಖ ನಿಮಗೆ ಗೊತ್ತಿರಲಿಕ್ಕಿಲ್ಲ, ಆದರೆ ನಾನು ಕುಣಿದ ಹಾಡು ನಿಮ್ಮ ಊರಿನ ಜಾತ್ರೆಯಲ್ಲೂ ಮೊಳಗಿರುತ್ತದೆ. ಇಷ್ಟು ವರ್ಷ ಸುಮ್ನೆ ಇದ್ದೆ. ಮಾತಾಡಿದರೆ ಮುಂದಿನ ಹಾಡಿಗೆ ಕರೆಯುವುದಿಲ್ಲ ಅನ್ನುವ ಭಯ ನಮಗೆಲ್ಲ ಇದೆ. ಕಳೆದ ಮಳೆಗಾಲದಲ್ಲಿ ಆಗಿದ್ದನ್ನು ನೋಡಿದ ಮೇಲೆ ಸುಮ್ಮನಿರಲು ಆಗುತ್ತಿಲ್ಲ. ಸರ್ಕಾರ ಫಿಲ್ಮ್ ಸಿಟಿ ಕಟ್ಟುತ್ತೇವೆ ಅನ್ನುತ್ತಲೇ ಇದೆ. ನಮಗೆ ಮೊದಲು ಬೇಕಾಗಿರುವುದು ಒಂದು ಫ್ಲೋರ್, ಅಂದರೆ ಶೂಟಿಂಗಿಗೆ, ರಿಹರ್ಸಲ್‌ಗೆ ಒಂದು ಸುರಕ್ಷಿತ ಸ್ಟುಡಿಯೋ ಹಾಲ್.

ಊರಾಚೆ ಒಂದು ಹಳೇ ಫ್ಯಾಕ್ಟರಿ ಶೆಡ್. ಅದರಲ್ಲಿ ಪಬ್‌ನ ಸೆಟ್ ಹಾಕಿದ್ದರು. ಪ್ಲೈವುಡ್, ಥರ್ಮಾಕೋಲ್, ಗೋಡೆ ತುಂಬಾ ಕಪ್ಪು ಬಟ್ಟೆ. ಹಗಲಲ್ಲಿ ರಾತ್ರಿಯ ಸೀನ್ ತೆಗೆಯಬೇಕಿತ್ತು, ಬೆಳಕು ಬರಬಾರದು ಅಂತ ಶೆಟರ್ ಎಳೆದಿದ್ದರು. ಒಳಗೆ ಹೋಗಲು, ಹೊರಗೆ ಬರಲು ಇದ್ದದ್ದು ಅದೊಂದೇ ದಾರಿ. ಜನರೇಟರ್‌ನಿಂದ ಬಂದ ಕೇಬಲ್‌ಗಳು ನೆಲದ ಮೇಲೆ ನಮ್ಮ ಕಾಲಡಿಯಲ್ಲೇ ಇದ್ದವು. ಚರಣದ ನಡುವೆ ಒಂದು ಲೈಟಿನ ಹತ್ತಿರ ಕಿಡಿ ಹಾರಿ ಬಟ್ಟೆಗೆ ಬೆಂಕಿ ಹತ್ತಿತು. ಎಲ್ಲರೂ ಶೆಟರ್ ಕಡೆ ಓಡಿದೆವು. ಚೈನ್ ಸಿಕ್ಕಿಹಾಕಿಕೊಂಡಿತ್ತು, ಶೆಟರ್ ಮೇಲೇಳಲಿಲ್ಲ. ಹತ್ತೊಂಬತ್ತು ವರ್ಷದ ಹುಡುಗಿಯೊಬ್ಬಳು ನನ್ನ ಕೈ ಹಿಡಿದು ಅಮ್ಮಾ ಅಂತ ಕಿರುಚುತ್ತಿದ್ದಳು. ಇಬ್ಬರು ಲೈಟ್ ಹುಡುಗರು ಉರಿಯುತ್ತಿದ್ದ ಬಟ್ಟೆಯನ್ನು ಕೈಯಿಂದಲೇ ಎಳೆದು ಕೆಳಗೆ ಹಾಕಿ ತುಳಿದು ಆರಿಸಿದರು. ಒಬ್ಬನ ಅಂಗೈ ಸುಟ್ಟಿತು. ಇಡೀ ಶೆಡ್‌ನಲ್ಲಿ ಬೆಂಕಿ ಆರಿಸುವ ಒಂದು ಸಿಲಿಂಡರ್ ಇರಲಿಲ್ಲ.

ಆಮೇಲೆ ಏನಾಯಿತು ಗೊತ್ತಾ? ಹೊಗೆ ಹೋಗಲಿ ಅಂತ ಸ್ವಲ್ಪ ಹೊತ್ತು ಬಿಟ್ಟರು. ಟೀ ಕೊಟ್ಟರು. ಮತ್ತೆ ಶೆಟರ್ ಎಳೆದರು. "ಸ್ಟಾರ್ಟ್ ಮ್ಯೂಸಿಕ್" ಅಂದರು. ನಾವು ಕುಣಿದೆವು, ನಗುತ್ತಾ ಕುಣಿದೆವು, ಯಾಕೆಂದರೆ ಅದು ಪಾರ್ಟಿ ಹಾಡು. ಕೈ ಸುಟ್ಟ ಹುಡುಗನಿಗೆ ಅವತ್ತಿನ ಬಾಟಾ, ಅಂದರೆ ದಿನದ ಕೂಲಿ, ಅರ್ಧ. ಅವನು ಮಧ್ಯಾಹ್ನವೇ ಹೋದನಲ್ಲ!

ಮುಖ್ಯಮಂತ್ರಿಗಳೇ, ಇದೇ ಕರ್ನಾಟಕದಲ್ಲಿ 1989ರ ಫೆಬ್ರುವರಿ 8ರಂದು ಮೈಸೂರಿನ ಪ್ರೀಮಿಯರ್ ಸ್ಟುಡಿಯೋದಲ್ಲಿ ಟಿಪ್ಪು ಸುಲ್ತಾನ್ ಧಾರಾವಾಹಿಯ ಸೆಟ್ಟಿಗೆ ಬೆಂಕಿ ಬಿದ್ದು 62 ಮಂದಿ ಸತ್ತರು. ಅಲ್ಲೂ ಸಡಿಲ ವೈರಿಂಗ್ ಇತ್ತು, ಗಾಳಿಯಾಡಲು ಜಾಗ ಇರಲಿಲ್ಲ, ಗೋಡೆಗೆ ಗೋಣಿಚೀಲ ಹೊದಿಸಿದ್ದರು. ಅದು ಹೆಸರಿದ್ದ ಸ್ಟುಡಿಯೋ. ಅಲ್ಲೇ ಹಾಗಾದ ಮೇಲೆ ಹೆಸರಿಲ್ಲದ ಶೆಡ್‌ಗಳಲ್ಲಿ ಏನಾಗಬಹುದು ಅಂತ ನಿಮಗೆ ನಾನು ಬಿಡಿಸಿ ಹೇಳಬೇಕಾ? ಎಂಥ ಕಟ್ಟಡಕ್ಕೆ ಅಗ್ನಿಶಾಮಕ ಇಲಾಖೆಯ ಒಪ್ಪಿಗೆ ಬೇಕು ಅನ್ನುವುದು ನನಗಿಂತ ನಿಮಗೆ ಚೆನ್ನಾಗಿ ಗೊತ್ತು.

ನಮಗೆ ಬೇಕಾಗಿರುವುದು ಒಂದು ಸರಿಯಾದ ಫ್ಲೋರ್. ಅಷ್ಟೇ.

ಸ್ಟುಡಿಯೋ ಅಂದರೆ ನಾಲ್ಕು ಗೋಡೆ ಅಂದುಕೊಂಡವರು ಜಾಸ್ತಿ. ಕುಣಿಯುವವರಿಗೆ ಅದು ಮೊದಲು ಕಾಲ ಕೆಳಗಿನ ನೆಲ. ಒಳ್ಳೆಯ ಡ್ಯಾನ್ಸ್ ಫ್ಲೋರ್‌ನಲ್ಲಿ ಹಲಗೆಯ ಕೆಳಗೆ ಪಟ್ಟಿ ಕೊಟ್ಟು ನಡುವೆ ಜಾಗ ಬಿಟ್ಟಿರುತ್ತಾರೆ. ನೆಗೆದು ಇಳಿದಾಗ ಹಲಗೆ ಸ್ವಲ್ಪ ಬಾಗಿ ಪೆಟ್ಟನ್ನು ತಾನು ತಗೊಳ್ಳುತ್ತದೆ. ಸಿಮೆಂಟು, ಟೈಲ್ಸ್ ಏನನ್ನೂ ತಗೊಳ್ಳುವುದಿಲ್ಲ. ಎಲ್ಲ ಪೆಟ್ಟೂ ಮಂಡಿಗೆ, ಮೊಣಕಾಲಿನಿಂದ ಕೆಳಗಿನ ಮೂಳೆಗೆ. ನಾವು ರಿಹರ್ಸಲ್ ಮಾಡುವುದು ಕಲ್ಯಾಣ ಮಂಟಪದ ಊಟದ ಹಾಲ್‌ನಲ್ಲಿ, ಮನೆಗಳ ತಾರಸಿಯಲ್ಲಿ, ಮುಚ್ಚಿದ ಜಿಮ್‌ಗಳಲ್ಲಿ. ಒಂದೇ ಸ್ಟೆಪ್ಪನ್ನು ಬೆಳಗ್ಗೆಯಿಂದ ಸಂಜೆತನಕ ಹೊಡೆಯುತ್ತೇವೆ. ನನ್ನ ಬಲ ಮಂಡಿ ಹೋಗಿದೆ. ಮೆಟ್ಟಿಲು ಇಳಿಯುವಾಗ ಗೋಡೆ ಹಿಡಿಯಬೇಕು. ಡಾಕ್ಟರ್ ಕುಣಿಯಬೇಡಿ ಅಂದಿದ್ದಾರೆ. ಮನೆ ಬಾಡಿಗೆ ಯಾರು ಕಟ್ಟುತ್ತಾರೆ? ಬೆಳಗ್ಗೆ ನೋವಿನ ಮಾತ್ರೆ ನುಂಗಿ, ಬ್ಯಾಂಡೇಜ್ ಮೇಲೆ ಕಾಸ್ಟ್ಯೂಮ್ ಹಾಕಿಕೊಂಡು ಹೋಗುತ್ತೇನೆ. ಆ ಕಾಸ್ಟ್ಯೂಮ್ ಬದಲಾಯಿಸುವುದೂ ಎಲ್ಲಿ? ವ್ಯಾನಿನ ಹಿಂದೆ, ಇಬ್ಬರು ಸೀರೆ ಅಡ್ಡ ಹಿಡಿದು. ಶೆಡ್‌ನಲ್ಲಿ ಹೆಣ್ಣುಮಕ್ಕಳಿಗೆ ಶೌಚಾಲಯ ಇರುವುದಿಲ್ಲ ಅಂತ ನಾವು ಬೆಳಗ್ಗೆಯಿಂದ ನೀರೇ ಕುಡಿಯುವುದಿಲ್ಲ. ಹೀಗೆ ಕುಣಿದು ಎಷ್ಟು ಹುಡುಗಿಯರು ತಲೆ ಸುತ್ತಿ ಬಿದ್ದಿದ್ದಾರೋ!

ಇನ್ನು ಫಿಲ್ಮ್ ಸಿಟಿ ವಿಷಯ. ಮೊದಲು ಮೈಸೂರು ಹತ್ತಿರದ ಹಿಮ್ಮಾವು ಅಂದಿರಿ. 2018ರಲ್ಲಿ ರಾಮನಗರ ಆಯಿತು. 2019ರಲ್ಲಿ ಬೆಂಗಳೂರಿನ ಕನಕಪುರ ರಸ್ತೆಯ ರೋರಿಕ್ ಎಸ್ಟೇಟ್. 2020ರಲ್ಲಿ ಹೆಸರಘಟ್ಟ. ಆಮೇಲೆ ಮತ್ತೆ ಮೈಸೂರು. 2025ರ ಬಜೆಟ್‌ನಲ್ಲಿ 150 ಎಕರೆ, 500 ಕೋಟಿ ಅಂತ ಓದಿದೆವು. ಸರ್ಕಾರ ಬದಲಾದಾಗಲೆಲ್ಲ ಫಿಲ್ಮ್ ಸಿಟಿ ಗಂಟುಮೂಟೆ ಕಟ್ಟಿಕೊಂಡು ಬೇರೆ ಊರಿಗೆ ಹೋಗುತ್ತದೆ. ಹೆಸರಘಟ್ಟದ ಹುಲ್ಲುಗಾವಲು ಉಳಿದದ್ದು ಒಳ್ಳೆಯದೇ ಆಯಿತು, ಅಲ್ಲಿನ ಹಕ್ಕಿಗಳ ಜಾಗ ಕಿತ್ತುಕೊಂಡು ನಾವು ಕುಣಿಯಬೇಕಿಲ್ಲ. ಆದರೆ ಇಷ್ಟೆಲ್ಲ ತಿರುಗಾಟದಲ್ಲಿ ಒಂದು ಫ್ಲೋರ್ ಕೂಡ ಎದ್ದಿಲ್ಲ. ದೊಡ್ಡ ಸೆಟ್ ಬೇಕಾದ ಕನ್ನಡ ಸಿನಿಮಾ ಇವತ್ತಿಗೂ ಹೈದರಾಬಾದಿನ ರಾಮೋಜಿ ಫಿಲ್ಮ್ ಸಿಟಿಗೆ ಹೋಗುತ್ತದೆ. 1996ರಿಂದ ಅದು ಅಲ್ಲಿದೆ. ಶೂಟಿಂಗ್ ಅಲ್ಲಿಗೆ ಹೋದರೆ ಡ್ಯಾನ್ಸರ್‌ಗಳನ್ನು, ಲೈಟ್‌ನವರನ್ನು, ಬಡಗಿಗಳನ್ನು ಅಲ್ಲೇ ತಗೊಳ್ಳುತ್ತಾರೆ. ಇಲ್ಲಿಂದ ಬಸ್ಸಿನಲ್ಲಿ ಕರೆದುಕೊಂಡು ಹೋಗಿ ರೂಮ್ ಕೊಡುವುದು ಯಾವ ನಿರ್ಮಾಪಕನಿಗೂ ಬೇಡ. ಕನ್ನಡ ಹಾಡು, ಕನ್ನಡ ದುಡ್ಡು, ಕೆಲಸ ಮಾತ್ರ ಬೇರೆಯವರಿಗೆ. ಅವರ ಮೇಲೆ ನನಗೆ ಸಿಟ್ಟಿಲ್ಲ, ಅವರೂ ನನ್ನ ಹಾಗೆ ಕೂಲಿಯವರೇ.

ಒಂದು ಸ್ಟುಡಿಯೋದಿಂದ ಏನಾಗುತ್ತದೆ ಅಂತ ಯಾರಾದರೂ ನಿಮ್ಮನ್ನು ಕೇಳಿದರೆ ಶಂಕರ್ ನಾಗ್ ಅವರ ಸಂಕೇತ್ ನೆನಪಿಸಿ. ಹಾಡು ರೆಕಾರ್ಡ್ ಮಾಡಲು ಎಲ್ಲರೂ ಮದ್ರಾಸಿಗೆ ಓಡುತ್ತಿದ್ದ ಕಾಲದಲ್ಲಿ ಅಣ್ಣ ತಮ್ಮ ಸೇರಿ ಬೆಂಗಳೂರಿನಲ್ಲೇ ರೆಕಾರ್ಡಿಂಗ್ ಸ್ಟುಡಿಯೋ ಕಟ್ಟಿದರು. ಇಲ್ಲಿನ ವಾದ್ಯದವರಿಗೆ, ಹಾಡುವವರಿಗೆ ಇಲ್ಲೇ ಮೈಕ್ ಸಿಕ್ಕಿತು. ಮೂವತ್ತರ ಆಸುಪಾಸಿನ ಒಬ್ಬ ನಟ ಮಾಡಿದ್ದನ್ನು ಒಂದು ಸರ್ಕಾರ ಮಾಡಲು ಆಗುವುದಿಲ್ಲವಾ?

ಜಾಗ ಇಲ್ಲ ಅಂತ ದಯವಿಟ್ಟು ಹೇಳಬೇಡಿ. ಕೆಂಗೇರಿ ಹತ್ತಿರ ನಟ ಬಾಲಕೃಷ್ಣ ಅವರಿಗೆ ಸ್ಟುಡಿಯೋಗೆಂದೇ ಸರ್ಕಾರ 20 ಎಕರೆ ಕೊಟ್ಟಿತ್ತು. ಅದೇ ಅಭಿಮಾನ್ ಸ್ಟುಡಿಯೋ. ವಿಷ್ಣುವರ್ಧನ್ ಅವರ ಸಮಾಧಿಯನ್ನು 2025ರ ಆಗಸ್ಟ್‌ನಲ್ಲಿ ರಾತ್ರೋರಾತ್ರಿ ಕೆಡವಿದ್ದು ಅಲ್ಲೇ. ಆವತ್ತು ಅಭಿಮಾನಿಗಳು ಅತ್ತರು, ನಾನೂ ಅತ್ತೆ. ಸ್ಟುಡಿಯೋಗೆ ಕೊಟ್ಟ ಭೂಮಿಯಲ್ಲಿ ಸ್ಟುಡಿಯೋ ಯಾಕಿಲ್ಲ ಅಂತ ಮಾತ್ರ ಯಾರೂ ಜೋರಾಗಿ ಕೇಳಲಿಲ್ಲ. ಇತ್ತ ಕಂಠೀರವ ಸ್ಟುಡಿಯೋ 1966ರಿಂದ ಸರ್ಕಾರದ್ದೇ ಕಂಪನಿ. ಅಣ್ಣಾವ್ರು ಅಲ್ಲಿದ್ದಾರೆ, ಅಪ್ಪು ಅಲ್ಲಿದ್ದಾರೆ. ಅಪ್ಪು ಸರ್ ಹೇಗೆ ಕುಣಿಯುತ್ತಿದ್ದರು ಅಂತ ಇಡೀ ನಾಡಿಗೆ ಗೊತ್ತು. ಸಮಾಧಿಗೆ ಕೈಮುಗಿಯಲು ಪ್ರತಿ ವರ್ಷ ನೀವೆಲ್ಲ ಬರುತ್ತೀರಿ. ಅದೇ ಆವರಣದಲ್ಲಿ ಅವರ ಹೆಸರಿನಲ್ಲಿ ಒಂದು ಹಲಗೆ ನೆಲದ ರಿಹರ್ಸಲ್ ಹಾಲ್ ಕಟ್ಟಿಸಿ. ಅದಕ್ಕೆ 500 ಕೋಟಿ ಬೇಡ.

2024ರಲ್ಲಿ ಸಿನಿ ಮತ್ತು ಸಾಂಸ್ಕೃತಿಕ ಕಾರ್ಯಕರ್ತರ ಕ್ಷೇಮಾಭಿವೃದ್ಧಿ ಕಾಯ್ದೆ ತಂದಿರಿ. ಟಿಕೆಟ್ ಮೇಲೆ ಶೇ 1ರಿಂದ 2ರಷ್ಟು ಸೆಸ್. ಕಾಯ್ದೆ ಬಂದಾಗ ನಾವು ಖುಷಿಪಟ್ಟೆವು. ಆದರೆ ಬಿದ್ದ ಮೇಲೆ ಕೊಡುವ ದುಡ್ಡಿಗಿಂತ ಬೀಳದಿರುವ ನೆಲ ನಮಗೆ ಮುಖ್ಯ.

ಹಾಗಾಗಿ ಮತ್ತೆ ಕೇಳುತ್ತೇನೆ. ಬೆಂಗಳೂರಿನಲ್ಲಿ ಸರ್ಕಾರದ ಜಾಗದಲ್ಲಿ ಒಂದು ಫ್ಲೋರ್ ಕೊಡಿ. ಎರಡು ಬಾಗಿಲು ಇರಲಿ, ಬೆಂಕಿ ಆರಿಸುವ ವ್ಯವಸ್ಥೆ ಇರಲಿ, ಹಲಗೆಯ ನೆಲ ಇರಲಿ, ಹೆಣ್ಣುಮಕ್ಕಳಿಗೆ ಬಟ್ಟೆ ಬದಲಾಯಿಸುವ ಕೋಣೆ, ಶೌಚಾಲಯ ಇರಲಿ. ಸಣ್ಣ ನಿರ್ಮಾಪಕರಿಗೆ ಕೈಗೆಟುಕುವ ಬಾಡಿಗೆ ಇರಲಿ. ಅಲ್ಲಿಯವರೆಗೆ, ಒಂದೇ ಬಾಗಿಲಿನ ಶೆಡ್‌ಗಳಲ್ಲಿ ಶೂಟಿಂಗ್ ನಡೆಯದಂತೆ ಈ ತಿಂಗಳೇ ಆದೇಶ ಹೊರಡಿಸಿ. ಫಿಲ್ಮ್ ಸಿಟಿ ಎಲ್ಲಿ ಬೇಕಾದರೂ ಕಟ್ಟಿ, ಯಾವಾಗ ಬೇಕಾದರೂ ಕಟ್ಟಿ. ನಮಗೆ ಫ್ಲೋರ್ ಕೊಡಿ.

"ನಿಮ್ಮ ಮನವಿಯನ್ನು ಸಂಬಂಧಪಟ್ಟ ಇಲಾಖೆಗೆ ಕಳುಹಿಸಲಾಗಿದೆ" ಅನ್ನುವ ಉತ್ತರ ಬೇಡ. ಕೆಲಸ ಯಾವ ತಿಂಗಳು ಶುರುವಾಗುತ್ತದೆ, ಅದನ್ನು ಹೇಳಿ.

ಇಂತಿ,
ಸಿನಿಮಾ ಗ್ರೂಪ್ ಡ್ಯಾನ್ಸರ್
ಬೆಂಗಳೂರು