ಹೆಸರು ತೆಗೆದ ಪದ್ಯ

ಕ್ಯಾಪ್ಟನ್,

ಮೊನ್ನೆ ಫೋನಿನಲ್ಲಿ ಏನು ಓದ್ತಿದ್ದೀಯ ಅಂತ ಕೇಳಿದೆಯಲ್ಲ. ಜಪಾನಿನ ಹಳೆಯ ಪದ್ಯ ಅಂದ ತಕ್ಷಣ "ಮತ್ತೆ ಕಪ್ಪೆನಾ?" ಅಂತ ನಕ್ಕೆ. ಹಳೆಯ ಕೊಳಕ್ಕೆ ಕಪ್ಪೆ ಹಾರುವ ಬಾಶೋನ ಹೈಕು ಅಲ್ಲ ಮಾರಾಯ. ಇದು ಅದಕ್ಕಿಂತ ಎಷ್ಟೋ ನೂರು ವರ್ಷ ಹಿಂದಿನದು.

ಅಲ್ಲಿನ ಚಕ್ರವರ್ತಿಗಳು ಅಪ್ಪಣೆ ಕೊಟ್ಟು ಒಳ್ಳೆಯ ಪದ್ಯಗಳನ್ನು ಒಟ್ಟು ಮಾಡಿಸುತ್ತಿದ್ದರು. ಹೆಚ್ಚಿನವಕ್ಕೆ 31 ಅಕ್ಷರ, ಅಷ್ಟೇ. 905ರ ಸುಮಾರಿನ 'ಕೊಕಿನ್‌ಶೂ' ಮೊದಲನೆಯದು, 1439ರದ್ದು ಕೊನೆಯದು. ಒಟ್ಟು 21 ಸಂಕಲನ. ಕೊಕಿನ್‌ಶೂ ಓದುತ್ತಾ ಹೋದರೆ ವಸಂತ ಕಣ್ಣೆದುರೇ ಕಳೆದುಹೋಗುತ್ತದೆ. ಚೆರ್ರಿ ಹೂವಿಗೆ ಕಾಯುವ ಪದ್ಯ ಮೊದಲು, ಅರಳಿದ್ದು ಆಮೇಲೆ, ಉದುರುವುದು ಕೊನೆಗೆ. ಬೇರೆ ಬೇರೆ ಕಾಲದವರು ಬರೆದದ್ದನ್ನು ಹಾಗೆ ಪೋಣಿಸಿದ್ದಾರೆ. ಸುಮಾರು 1,100 ಪದ್ಯಗಳಲ್ಲಿ 400ಕ್ಕೂ ಜಾಸ್ತಿ ಪದ್ಯಗಳಿಗೆ ಕವಿಯ ಹೆಸರಿಲ್ಲ. 'ಯೊಮಿಬಿತೊ ಶಿರಾಝು' ಅಂತಷ್ಟೇ ಇರುತ್ತದೆ. ಬರೆದವರು ಯಾರೋ ಗೊತ್ತಿಲ್ಲ ಅಂತ.

ಗೊತ್ತಿಲ್ಲದೆ ಬಿಟ್ಟದ್ದು ಸರಿ. ಗೊತ್ತಿದ್ದೂ ಹೆಸರು ಬಿಟ್ಟ ಒಂದು ಪದ್ಯ ಏಳನೇ ಸಂಕಲನದಲ್ಲಿದೆ. ಅದು ನನ್ನ ನಿದ್ದೆ ಕೆಡಿಸಿದೆ.

1183. ಅಧಿಕಾರ ಹಿಡಿದಿದ್ದ ತಾಯಿರಾ ಯೋಧರ ಮನೆತನ ಯುದ್ಧದಲ್ಲಿ ಸೋತು ರಾಜಧಾನಿ ಕ್ಯೋತೋ ಬಿಟ್ಟು ಓಡುತ್ತಿತ್ತು. ಅದೇ ವರ್ಷ ಕವಿ ಫುಜಿವಾರಾ ಶುಂಝೆಯಿಗೆ ಹೊಸ ಸಂಕಲನ ಮಾಡಲು ಅಪ್ಪಣೆಯಾಗಿತ್ತು. ಆ ಮನೆತನದ ತಾಯಿರಾ ತಾದಾನೊರಿ ಅವನ ಶಿಷ್ಯ. ಊರು ಬಿಟ್ಟವನು ಅರ್ಧ ದಾರಿಯಿಂದ ತಿರುಗಿ ಬಂದು ಗುರುವಿನ ಬಾಗಿಲು ತಟ್ಟಿದ ಅಂತ ತಾಯಿರಾಗಳ ಏಳುಬೀಳಿನ ಹಳೆಯ ಕಥೆ 'ಹೈಕೆ' ಹೇಳುತ್ತದೆ. ಮನೆಯವರು ಹೆದರಿದರು. ಶುಂಝೆಯಿ ಬಾಗಿಲು ತೆಗೆಸಿದ. ತಾದಾನೊರಿ ಕವಚದೊಳಗಿಂದ ನೂರಕ್ಕೂ ಜಾಸ್ತಿ ಪದ್ಯಗಳ ಸುರುಳಿ ತೆಗೆದುಕೊಟ್ಟ. ಇದರಲ್ಲಿ ಒಂದೇ ಒಂದು ಸೇರಿದರೂ ಸತ್ತ ಮೇಲೂ ಸಂತೋಷಪಡುತ್ತೇನೆ ಅಂದ.

ಮುಂದಿನ ವರ್ಷ ಇಚಿನೊತಾನಿ ಕಾಳಗದಲ್ಲಿ ಸತ್ತ. ಕೊಂದವನಿಗೆ ಇವನು ಯಾರು ಅಂತ ಗೊತ್ತಿರಲಿಲ್ಲ. ಬತ್ತಳಿಕೆಗೆ ಒಂದು ಪದ್ಯ ಕಟ್ಟಿತ್ತು, ಅದರಲ್ಲಿ 'ತಾದಾನೊರಿ' ಅಂತ ಇತ್ತು. ಅದರಿಂದ ಗೊತ್ತಾಯಿತು.

1188ರಲ್ಲಿ 'ಸೆಂಝಾಯ್‌ಶೂ' ಮುಗಿಯಿತು. ಶುಂಝೆಯಿ ಶಿಷ್ಯನನ್ನು ಮರೆಯಲಿಲ್ಲ. ಶಿಗಾದ ಹಳೆಯ ರಾಜಧಾನಿ ಹಾಳುಬಿದ್ದಿದೆ, ಬೆಟ್ಟದ ಚೆರ್ರಿ ಮಾತ್ರ ಹಿಂದಿನಂತೆಯೇ ಇದೆ ಅನ್ನುವ ಪದ್ಯ ಸೇರಿಸಿದ. ಆದರೆ ಬರೆದವನು ಅರಮನೆಯ ಶತ್ರು. ಹಾಗಾಗಿ ಹೆಸರಿನ ಜಾಗದಲ್ಲಿ 'ಗೊತ್ತಿಲ್ಲ'. ಕೊಂದವನಿಗೆ ಪದ್ಯದಿಂದ ಹೆಸರು ಸಿಕ್ಕಿತು. ಗುರುವಿನ ಪುಸ್ತಕದಲ್ಲಿ ಆ ಹೆಸರೇ ಹೋಯಿತು.

ನಾನು ಎಲ್ಲಿಗೆ ಬರುತ್ತಿದ್ದೇನೆ ಅಂತ ನಿನಗೆ ಹೊಳೆದಿರಬೇಕು.

ಎರಡನೇ ವರ್ಷದ ಕಾಲೇಜ್ ಮ್ಯಾಗಜಿನ್. ಸ್ಟ್ರೈಕ್ ಆದ ಮೇಲೆ ನಿನ್ನನ್ನು ಸಸ್ಪೆಂಡ್ ಮಾಡಿದ್ದರು. ನಾನು ವಿದ್ಯಾರ್ಥಿ ಸಂಪಾದಕ. ನಿನ್ನ ಕೆರೆಯ ಪದ್ಯ ಹಾಕಿದೆ, ಹೆಸರು ತೆಗೆದೆ. ನಿನಗೆ ಇನ್ನಷ್ಟು ತೊಂದರೆ ಆಗಬಾರದು ಅಂತ ಹೇಳಿದೆ. ನೀನು ಬೆನ್ನು ತಟ್ಟಿದೆ. ಹೆಸರು ತೆಗೆ ಅಂತ ನನಗೆ ಯಾರೂ ಹೇಳಿರಲಿಲ್ಲ ಕಣೋ. ನಾನೇ ಹೆದರಿದೆ, ನನ್ನ ಸಲುವಾಗಿ.

ಇಷ್ಟು ಬರೆದು ನಿಲ್ಲಿಸಬೇಕು ಅಂತ ಕೂತಿದ್ದೆ. ಇನ್ನೊಂದಿದೆ. ಮ್ಯಾಗಜಿನ್ ಬಂದ ವಾರ ಇಬ್ಬರು ಮೂವರು "ಆ ಪದ್ಯ ನಿಂದೇ ಅಲ್ವಾ?" ಅಂತ ಕೇಳಿದರು. ನಾನು ಅಲ್ಲ ಅನ್ನಲಿಲ್ಲ. ಸುಮ್ನೆ ನಕ್ಕೆ. ಅವರಲ್ಲಿ ಒಬ್ಬರು ನಮ್ಮಿಬ್ಬರಿಗೂ ತುಂಬ ಬೇಕಾಗಿದ್ದ ಮೇಷ್ಟ್ರು. ಅವರು ಈಗಿಲ್ಲ. ಆ ಪದ್ಯ ನನ್ನದು ಅಂತಲೇ ತಿಳಿದುಕೊಂಡು ಹೋದರು.

ಶುಂಝೆಯಿ ಬಾಗಿಲನ್ನಾದರೂ ತೆಗೆಸಿದ. ನೀನು ಸಸ್ಪೆಂಡ್ ಆಗಿದ್ದ ಆ ಎರಡು ವಾರ ನಾನು ನಿನ್ನ ರೂಮಿನ ಕಡೆ ಬರಲೇ ಇಲ್ಲ.

ಇದನ್ನು ನಿನಗೊಬ್ಬನಿಗೇ ಕಳಿಸಬಹುದಿತ್ತು. ಆದರೆ ಹೆಸರು ತೆಗೆದದ್ದು ಎಲ್ಲರೂ ಓದುವ ಪುಟದಲ್ಲಿ. ಆ ಮ್ಯಾಗಜಿನ್ ಓದಿದ ಕೆಲವರು ಇಲ್ಲೂ ಇದ್ದಾರೆ. ಅವರೂ ಕೇಳಲಿ: ಕೆರೆಯ ಪದ್ಯ ನನ್ನದಲ್ಲ. ಕ್ಯಾಪ್ಟನ್‌ದು. ಕ್ಯಾಪ್ಟನ್ ಅಂದರೆ ಯಾರು ಅಂತ ಅವರಿಗೆಲ್ಲ ಗೊತ್ತು.

ಸರಿ, ಸಾಕು. ಶನಿವಾರ ಬರ್ತೀಯಲ್ಲ? ಮಳೆ ಜಾಸ್ತಿ ಇದೆ, ಘಾಟಿ ದಾರಿ ಬೇಡ. ಲೋಟ ತೊಳೆದಿಟ್ಟಿದ್ದೇನೆ. ಆ ಪದ್ಯ ಎಲ್ಲಾದರೂ ಬರೆದಿಟ್ಟಿದ್ದರೆ ತಗೊಂಡು ಬಾ. ಕೊನೆಯ ಎರಡು ಸಾಲು ಎಷ್ಟು ನೆನೆಸಿಕೊಂಡರೂ ಬರುತ್ತಿಲ್ಲ. ಅದರಲ್ಲಿ ಕಪ್ಪೆ ಇತ್ತಾ?